ಮಿಲಿಟರಿ ಡಬ್ಬಿಯ ಸಿಟ್ಟು

ನಿವೃತ್ತ ಹವಾಲ್ದಾರ ಬಾಳಪ್ಪ ಗಡಿಯಲ್ಲಿ ಉಣ್ಣುತ್ತಿದ್ದ ಅಲ್ಯೂಮಿನಿಯಂ ಡಬ್ಬಿ ಅಡುಗೆಮನೆಯ ಕಪಾಟಿನ ಮೇಲಿತ್ತು. ಅದರ ಪಕ್ಕಕ್ಕೆ ಒಂದು ದಿನ ಖಾಲಿ ಬರ್ಗರ್ ಪೆಟ್ಟಿಗೆಯೊಂದು ಬಂದು ಕುಳಿತಿತು.

"ಕಾಲೇಜಿನ ದಿನಗಳ ಅಗ್ಗದ ಬರ್ಗರ್ ನೆನೆದು ಈ ಮನೆಯ ಮಗ ಇಂದಿಗೂ ಬಾಯಿ ಚಪ್ಪರಿಸುತ್ತಾನೆ," ಎಂದು ಪೆಟ್ಟಿಗೆ ಬೀಗಿತು. "ನಿನ್ನ ಮಿಲಿಟರಿ ರೇಷನ್ನನ್ನು ಅವನ ಅಪ್ಪ ಹೊಗಳುತ್ತಾನೆ. ನಾವಿಬ್ಬರೂ ಪುಣ್ಯವಂತರು."

ಡಬ್ಬಿಗೆ ಮೈಯೆಲ್ಲ ಉರಿಯಿತು. "ಯಾವ ಪುಣ್ಯ? ಆ ಹಿಮದಲ್ಲಿ ಸಿಗುತ್ತಿದ್ದದ್ದು ಕಲ್ಲಿನಂಥ ಪೂರಿ. ಹೇಸರಗತ್ತೆಯೂ ಇದನ್ನು ಮೂಸುವುದಿಲ್ಲ ಎಂದು ನನ್ನನ್ನು ಬಂಡೆಗೆ ಕುಕ್ಕಿದವನು ಈ ಬಾಳಪ್ಪನೇ. ನೋಡು, ಈ ತಗ್ಗು! ಜೊತೆಗಾರ ಭರಮಣ್ಣ ತನ್ನ ಪಾಲಿನ ಬೆಲ್ಲ ಮುರಿದುಕೊಟ್ಟ ಮೇಲೆಯೇ ಇವನಿಗೆ ತುತ್ತು ಇಳಿದದ್ದು. ಭರಮಣ್ಣ ಆ ಬೆಟ್ಟದಿಂದ ಮರಳಲಿಲ್ಲ. ಇವನು ಅವನ ಹೆಸರೆತ್ತುವುದಿಲ್ಲ, ರೇಷನ್ನಿನ ರುಚಿ ಎನ್ನುತ್ತಾನೆ!"

ಅಷ್ಟರಲ್ಲಿ ಪಡಸಾಲೆಯಲ್ಲಿ ಬಾಳಪ್ಪ ಊಟದ ತಟ್ಟೆಯನ್ನು ಆಚೆ ಸರಿಸಿದ. "ಆ ರುಚಿ ಇದಕ್ಕ ಎಲ್ಲಿಂದ ಬರಬೇಕು?"

ನಲವತ್ತು ವರ್ಷದಿಂದ ಇದನ್ನೇ ಕೇಳುತ್ತ ಬಂದಿದ್ದ ಹೆಂಡತಿ ಶಾಂತವ್ವ ಡಬ್ಬಿಯನ್ನು ಇಳಿಸಿ ತೊಳೆದು, ತಟ್ಟೆಯಲ್ಲಿದ್ದ ಅದೇ ರೊಟ್ಟಿ, ಅದೇ ಬದನೆಕಾಯಿ ಪಲ್ಯ ಅದರೊಳಗೆ ಹಾಕಿ ಅವನ ತೊಡೆಯ ಮೇಲೆ ಇಟ್ಟಳು.

ಬಾಳಪ್ಪ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. "ಹಾಂ! ಡಬ್ಬಿ ಊಟ ಅಂದ್ರ ಇದು ನೋಡು!"

ಶಾಂತವ್ವ ರೊಟ್ಟಿ ಬೇಯಿಸುವಾಗ ಹಂಚಿಗೆ ತಾಗಿ ಸುಟ್ಟ ಬೆರಳನ್ನು ನೀರಿನಲ್ಲಿ ಅದ್ದಿಕೊಂಡು ನಿಂತಿದ್ದಳು. ಅದನ್ನು ಕಂಡ ಡಬ್ಬಿ ಸಿಟ್ಟಿನಿಂದ ನಡುಗಿ, ತೊಡೆಯಿಂದ ಉರುಳಿ ಮಗುಚಿಬಿತ್ತು.

"ಅಯ್ಯೋ, ನನ್ನ ಡಬ್ಬಿ!" ಎಂದು ಬಾಳಪ್ಪ ಅದನ್ನು ಎತ್ತಿ ಎದೆಗೆ ಒತ್ತಿಕೊಂಡ. ರೊಟ್ಟಿ ಹೆಕ್ಕಿದವಳು ಶಾಂತವ್ವ.