ಚೆನ್ನಿ ಕೇಳಿದ ಮೇಕೆ

ಬುಟ್ಟಿ ಹೆಣೆಯುವ ಕೆಂಪವ್ವನ ಮಗಳು ಚೆನ್ನಿ ಜ್ವರದಲ್ಲಿ ತೀರಿಕೊಂಡು ತಿಂಗಳಾಗಿತ್ತು. ಪರವೂರಿನ ಮಂತ್ರವಾದಿಯೊಬ್ಬ ಕರೆಯದೆಯೇ ಬಂದು ಜಗಲಿಯ ಮೇಲೆ ಕೂತ. ಬೇವಿನ ಸೊಪ್ಪು ಹಿಡಿದು ಮೈ ನಡುಗಿಸುತ್ತಾ ಹುಡುಗಿಯ ದನಿ ತೆಗೆದ.

"ಅವ್ವಾ, ನಾನು ಚೆನ್ನಿ. ನಮ್ಮ ಕರಿ ಮೇಕೆಯನ್ನ ಈ ಸ್ವಾಮಿಗೆ ಕೊಟ್ಬಿಡು. ಇಲ್ದಿದ್ರೆ ನಂಗೆ ಮುಕ್ತಿಯಿಲ್ಲ."

ಕೆಂಪವ್ವ ಬಿದಿರ ಸೀಳು ಕೆಳಗಿಟ್ಟಳು. "ಸ್ವಾಮಿ, ನನ್ನ ಮಗಳು ಹುಟ್ಟು ಮೂಗಿ."

ನೆರೆಯವರು ಕಿಸಕ್ಕನೆ ನಕ್ಕರು. ಮಂತ್ರವಾದಿ ಸೋಲಲಿಲ್ಲ. "ಸತ್ತ ಮೇಲೆ ಎಲ್ಲರಿಗೂ ಮಾತು ಬರುತ್ತೆ ಕಣಮ್ಮ."

"ಹಂಗಾದ್ರೆ ಅವಳನ್ನೇ ಕೇಳಿ. ಕೊನೇ ದಿನ ನನ್ನ ಸೆರಗು ಜಗ್ಗಿ ಜಗ್ಗಿ ಏನೋ ಬೇಕು ಅಂತ ಸನ್ನೆ ಮಾಡ್ತಿದ್ಲು. ನಂಗೆ ತಿಳೀಲಿಲ್ಲ. ಏನದು?"

ಮಂತ್ರವಾದಿ ಸೊಪ್ಪು ಬಿಸಾಕಿ ಎದ್ದ.

ಕೆಂಪವ್ವ ಅವನ ಪಂಚೆಯ ಅಂಚು ಹಿಡಿದು ಜಗ್ಗಿದಳು. "ಮೇಕೆ ಹೊಡ್ಕೊಂಡು ಹೋಗಿ ಸ್ವಾಮಿ. ಸುಳ್ಳಾದ್ರೂ ಸರಿ, ಏನಾದ್ರೊಂದು ಹೇಳಿ ಹೋಗಿ."