ಕಾಗೆ ನೋಡುತ್ತಾ ಉಂಡ ಕೂಸು

"ಗುರುಗಳೇ, ಗ್ರಂಥ ಹಿಡಿದು ಕೂತರೆ ನನಗೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ಅದೇ ಮಾತನ್ನು ನೀವು ಕತೆ ಮಾಡಿ ಹೇಳಿದರೆ ಸಲೀಸಾಗಿ ಇಳಿಯುತ್ತದೆ. ಅಂದ ಮೇಲೆ ನಾನು ಕೂತು ಓದಲೇಬೇಕೆಂಬ ಹಟ ನಿಮಗೇಕೆ?" ಎಂದು ಅಡವೀಶ ಕೇಳಿದ.

ಅಡವೀಶ ಆ ಮಠದ ಚುರುಕಾದ ಶಿಷ್ಯ. ಬರುವ ವರ್ಷ ಬೇರೊಂದು ಊರಿನ ಮಠಕ್ಕೆ ಹೋಗಿ ಅವನೇ ಪಾಠ ಹೇಳಬೇಕಾಗಿತ್ತು. ಅಲ್ಲಿ ಅವನಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಗುರುಗಳಿಗೆ ಸಿಟ್ಟು ಬರಲಿಲ್ಲ. "ಭೇಷ್, ಒಳ್ಳೆಯ ಪ್ರಶ್ನೆ. ಹಾಗಾದರೆ ಒಂದು ಕತೆ ಕೇಳು" ಎಂದರು. ಕತೆ ಎಂದದ್ದೇ ತಡ, ಅಡವೀಶ ಹತ್ತಿರಕ್ಕೆ ಸರಿದು ಕೂತ.

ಒಂದೂರಿನಲ್ಲಿ ಒಬ್ಬ ಬಳೆಗಾರನಿದ್ದ. ಮನೆಯಲ್ಲಿ ಹೆಂಡತಿ, ಆಗಷ್ಟೇ ನಡೆಯಲು ಕಲಿತ ಕೂಸು, ವಯಸ್ಸಾದ ತಾಯಿ. ಹೆಂಡತಿಗೆ ಆ ಕೂಸೆಂದರೆ ಪ್ರಾಣ. ಅದಕ್ಕೆ ಉಣಿಸುವುದರಲ್ಲಂತೂ ಆಕೆಯನ್ನು ಮೀರಿಸುವವರು ಆ ಕೇರಿಯಲ್ಲೇ ಇರಲಿಲ್ಲ. ಬೇರೆ ಮನೆಗಳಲ್ಲಿ ಊಟದ ಹೊತ್ತಾಯಿತೆಂದರೆ ಮಕ್ಕಳ ರಂಪ, ತಾಯಂದಿರ ಬೈಗುಳ, ನೆಲದ ತುಂಬ ಅನ್ನ. ಇವರ ಮನೆಯಲ್ಲಿ ಅದಾವುದೂ ಇಲ್ಲ. ಕೂಸನ್ನು ಸೊಂಟಕ್ಕೇರಿಸಿ ಹಿತ್ತಿಲಿಗೆ ಬಂದು, "ಅಗೋ ನೋಡು ಕಾಗಣ್ಣ! ಇವತ್ತು ಕಾಗಣ್ಣನ ಮದುವೆ ಕಣೋ" ಎಂದು ಗೋಡೆಯ ಕಡೆ ಕೈ ತೋರಿಸುತ್ತಿದ್ದಳು. ಕೂಸು ಬೆರಗಾಗಿ ಬಾಯಿ ತೆರೆಯಿತೋ, ಒಂದು ಚಮಚ ರಾಗಿ ಗಂಜಿ ಒಳಗೆ. ಮದುವೆಗೆ ಗುಬ್ಬಕ್ಕ ಬಂದಳು, ಇನ್ನೊಂದು ಚಮಚ. ಗುಬ್ಬಕ್ಕನ ಸೀರೆಗೆ ಇರುವೆ ಹತ್ತಿತು, ಮತ್ತೊಂದು. ಕಾಗಣ್ಣ ತಾಳಿ ಕಟ್ಟುವ ಹೊತ್ತಿಗೆ ಬಟ್ಟಲು ಖಾಲಿ. ಒಂದು ಹನಿಯೂ ನೆಲಕ್ಕೆ ಬೀಳುತ್ತಿರಲಿಲ್ಲ.

"ನಿನ್ನ ಮಗ ಉಂಡದ್ದು ಅವನಿಗೇ ತಿಳಿಯೋದಿಲ್ಲ ಬಿಡೇ" ಎಂದು ನೆರೆಮನೆಯವರು ಹೊಗಳುತ್ತಿದ್ದರು. ಆಕೆ ಹಿಗ್ಗುತ್ತಿದ್ದಳು.

ಹೀಗಿರುವಾಗ ಬಳೆಗಾರ ಜಾರಿ ಬಿದ್ದು ಕಾಲು ಮುರಿದುಕೊಂಡ. ವೈದ್ಯರು ಪಟ್ಟಿ ಕಟ್ಟಿ, ಹಬ್ಬಗಳೆಲ್ಲ ಮುಗಿಯುವವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದರು. ಆ ಮನೆಯ ಒಲೆ ಉರಿಯುತ್ತಿದ್ದುದೇ ಹಬ್ಬದ ದಿನಗಳ ಬಳೆ ವ್ಯಾಪಾರದಿಂದ. ಹೆಂಡತಿ ಹೆದರಲಿಲ್ಲ. "ಬಳೆ ತೊಡಿಸುವುದು ನನಗೂ ಬರುತ್ತದೆ" ಎಂದು ಬಳೆಗಳನ್ನು ಪೋಣಿಸಿದ ಮಲಾರವನ್ನು ತಾನೇ ಹೆಗಲಿಗೆ ಹಾಕಿಕೊಂಡಳು.

ಅತ್ತೆಗೆ ಕಣ್ಣು ಮಂಜು, ಕೈ ನಡುಕ. ಆಕೆ ಉಣಿಸಲು ಹೋದರೆ ಚಮಚ ಕೂಸಿನ ಕಿವಿಗೆ ಹೋಗುತ್ತಿತ್ತು. ಅದಕ್ಕೇ ಸೊಸೆ, "ಬಟ್ಟಲು ಮುಂದಿಟ್ಟು ಚಮಚ ಕೈಗೆ ಕೊಟ್ಟರೆ ಸಾಕು ಅತ್ತೆ. ನನ್ನ ಮಗ ಊಟಕ್ಕೆ ಎಂದೂ ಹಟ ಮಾಡಿದವನಲ್ಲ" ಎಂದು ಹೇಳಿ ಹೊರಟಳು. ದಾರಿಯುದ್ದಕ್ಕೂ ಆಕೆಗೆ ಕೂಸಿನ ಚಿಂತೆಯೇ ಇರಲಿಲ್ಲ.

ಹೊತ್ತಿಳಿದ ಮೇಲೆ ಮರಳಿ ಬಂದಳು. ಕೂಸು ಹಿತ್ತಿಲ ಬಾಗಿಲಲ್ಲಿ ಕೂತಿತ್ತು. ಗಂಜಿ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಇತ್ತು. ಚಮಚ ಮುಷ್ಟಿಯಲ್ಲಿತ್ತು. ಅತ್ತು ಅತ್ತು ಕೂಸಿನ ಗಂಟಲು ಕಟ್ಟಿತ್ತು. ಗೋಡೆಯ ಮೇಲೊಂದು ಕಾಗೆ. ಕೂಸು ಅದನ್ನೇ ನೋಡುತ್ತಾ, ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ತಾಯಿ ಮಲಾರವನ್ನು ಅಲ್ಲೇ ಇಳಿಸಿ ಓಡಿದಳು. "ಅಯ್ಯೋ ನನ್ನ ಕಂದಾ! ಗಂಜಿ ಎದುರಿಗಿಟ್ಟುಕೊಂಡು ಹಸಿದು ಕೂತೆಯಾ!" ಎಂದು ಎತ್ತಿ ಅಪ್ಪಿಕೊಂಡಳು.

"ನನ್ನ ಕೈಲಾದದ್ದೆಲ್ಲ ಮಾಡಿದೆ ಕಣೇ" ಎಂದಳು ಅತ್ತೆ. "ಬಟ್ಟಲು ತೋರಿಸಿದರೆ ಅದರ ಕಡೆ ತಿರುಗಿಯೂ ನೋಡಲೊಲ್ಲ. ನಿನ್ನ ಮಗನಿಗೆ ಕಾಗೆ ಗೊತ್ತು, ಗುಬ್ಬಿ ಗೊತ್ತು. ಗಂಜಿ ಗೊತ್ತಿಲ್ಲ. ಊಟ ಕಾಗೆಯ ಕಡೆಯಿಂದಲೇ ಬರುತ್ತದೆ ಅಂತ ತಿಳಿದಿದ್ದಾನೆ."

ಸೊಸೆಗೆ ಸಿಟ್ಟು ಬಂತು. ಮುದ್ದಿನಿಂದ ಉಣಿಸಿದ್ದೂ ತಪ್ಪಾಯಿತೇ ಎಂದು ಗೊಣಗುತ್ತಲೇ ಕಾಗಣ್ಣನ ಮದುವೆ ಶುರು ಮಾಡಿದಳು. ಕೂಸು ಗಬಗಬ ಉಂಡಿತು. ಆದರೆ ಆ ಸಲ ಆಕೆ ಅದರ ಕಣ್ಣುಗಳನ್ನೇ ನೋಡುತ್ತಿದ್ದಳು. ಬಟ್ಟಲು ಬರಿದಾಗುವವರೆಗೆ ಕೂಸಿನ ಕಣ್ಣು ಒಮ್ಮೆಯೂ ಕೆಳಗಿಳಿಯಲಿಲ್ಲ. ಅತ್ತೆ ಹೇಳಿದ್ದು ನಿಜವಾಗಿತ್ತು. ಆಕೆ ಸಿಟ್ಟನ್ನು ನುಂಗಿಕೊಂಡಳು. "ರೂಢಿ ಮಾಡಿಸಿದವಳು ನಾನೇ, ಬಿಡಿಸುವವಳೂ ನಾನೇ" ಎಂದಳು.

ಮರುದಿನ ಮಲಾರ ಗೂಟದಲ್ಲೇ ಉಳಿಯಿತು. ಕೂಸನ್ನು ಹಿತ್ತಿಲಿಗೆ ಒಯ್ಯದೆ ಅಡುಗೆಮನೆಯಲ್ಲಿ ಕೂರಿಸಿದಳು. ಮುಂದೆ ಬಟ್ಟಲಿಟ್ಟು ಚಮಚ ಕೊಟ್ಟಳು. ತಾನೂ ಒಂದು ಬಟ್ಟಲು ಗಂಜಿ ಹಿಡಿದು ಎದುರಿಗೆ ಕೂತಳು. ಮಾತಿಲ್ಲ, ಕತೆಯಿಲ್ಲ. ಕೂಸು ಮೇಲೆ ನೋಡಿತು, ಕಾಗೆ ಇರಲಿಲ್ಲ. ತಾಯಿಯ ಕಡೆ ತಿರುಗಿ ಬಾಯಿ ತೆರೆಯಿತು. ತಾಯಿ ತನ್ನ ಚಮಚವನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಅದನ್ನು ಕಂಡು ಕೂಸು ಕಿಟಾರನೆ ಕಿರುಚಿ ಬಟ್ಟಲನ್ನು ಒದೆಯಿತು. ತಾಯಿ ನೆಲ ಒರೆಸಿ ಮತ್ತೆ ಗಂಜಿ ಬಡಿಸಿದಳು.

"ಮಗು ಅಳುತ್ತಿದೆಯಲ್ಲೇ, ಕಲ್ಲು ಮನಸ್ಸಿನವಳೇ! ಆ ಕಾಗೆ ಕತೆ ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ?" ಎಂದು ಗಂಡ ಹಾಸಿಗೆಯಿಂದಲೇ ಕೂಗಿದ.

ಆಕೆಗೂ ಆ ಅಳು ಸಹಿಸಲಾಗುತ್ತಿರಲಿಲ್ಲ. ಕಾಗಣ್ಣ ಎಂದು ಒಂದು ಮಾತು ಆಡಿದರೆ ಸಾಕು, ಆ ಕ್ಷಣದಲ್ಲೇ ಅಳು ನಿಲ್ಲುತ್ತಿತ್ತು, ಹೊಟ್ಟೆ ತುಂಬುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದುಕೊಂಡಳು.

ಅತ್ತು ದಣಿದು ಕೂಸಿನ ಕೈ ಬಟ್ಟಲಿನೊಳಗೆ ಜಾರಿತು. ಒಳಗೇನೋ ಬೆಚ್ಚಗಿತ್ತು. ಕೂಸು ಕೆಳಗೆ ನೋಡಿತು. ಕೈ ಎತ್ತಿ ನೋಡಿತು, ಮೂಸಿತು, ನೆಕ್ಕಿತು. ಆಹಾ, ಆಗ ಅದರ ಮುಖ ನೋಡಬೇಕಿತ್ತು! ದಿನವೂ ಬಾಯಿಗೆ ಬರುತ್ತಿದ್ದದ್ದು ಇಲ್ಲಿ, ತನ್ನ ಕಾಲ ಬಳಿ ಇತ್ತು. ತಾಯಿಯ ಕೈ ನೋಡಿ ತಾನೂ ಚಮಚ ಅದ್ದಿತು. ಮೊದಲು ಬೋರಲು ಅದ್ದಿತು, ಏನೂ ಬರಲಿಲ್ಲ. ಆಮೇಲೆ ಬಂದದ್ದು ಮೂಗಿಗೆ ಹೋಯಿತು, ಗಲ್ಲಕ್ಕೆ ಹೋಯಿತು, ಎದೆಯ ಮೇಲೆ ಸುರಿಯಿತು. ಕೊನೆಗೆ ಒಂದು ನೆಕ್ಕು ಬಾಯಿಗೆ ಸೇರಿತು. ಕೂಸು ಬಗ್ಗಿ ಬಟ್ಟಲೊಳಗೆ ಇಣುಕಿ ಮತ್ತೆ ಚಮಚ ಅದ್ದಿತು.

ಹನಿ ಬೀಳದ ಮನೆಯ ನೆಲವೆಲ್ಲ ಅಂದು ಗಂಜಿಮಯವಾಯಿತು. ತಾಯಿ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಸಂತೋಷದಲ್ಲಿ ಮೈಮರೆತು, "ಅಗೋ, ಕಾಗಣ್ಣ..." ಎಂದುಬಿಟ್ಟಳು. ಕೂಸು ತಲೆ ಎತ್ತಲಿಲ್ಲ. ಆಕೆಗೆ ಒಂದು ಗಳಿಗೆ ನೋವಾಯಿತು. ಆಮೇಲೆ ಎದೆ ಹಗುರಾಯಿತು.

ಕೆಲವು ದಿನ ಕಳೆದ ಮೇಲೆ ಆಕೆ ಮಲಾರ ಹೊತ್ತು ಹೊರಟಳು, ಹಬ್ಬದ ವ್ಯಾಪಾರ ಕೈತಪ್ಪಲಿಲ್ಲ. ಕಾಗಣ್ಣನ ಮದುವೆಯೂ ನಿಲ್ಲಲಿಲ್ಲ. ಸಂಜೆ ಊಟವಾಗಿ, ಕೈ ತೊಳೆದ ಮೇಲೆ ಅದು ನಡೆಯುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಎಂಥಾ ಕತೆ ಗುರುಗಳೇ! ನಾನು ಹೇಳಲಿಲ್ಲವೇ, ಎಷ್ಟು ಸಲೀಸಾಗಿ ಇಳಿಯಿತು ನೋಡಿ. ಇಂಥದ್ದೇ ಇನ್ನೊಂದು ಹೇಳಿಬಿಡಿ" ಎಂದು ಅಡವೀಶ ಅವರ ಮುಖವನ್ನೇ ನೋಡುತ್ತಾ ಬಾಯಿ ತೆರೆದು ಕೂತ.

ಗುರುಗಳು ನಕ್ಕು, ಗ್ರಂಥವನ್ನು ಅವನ ಮುಂದೆ ಸರಿಸಿ, "ಬಾಯಿ ಮುಚ್ಚಪ್ಪ, ಕಾಗೆ ಹಾರಿಹೋಯಿತು" ಎಂದರು.