ರಾಣಿಯ ಮೊಬೈಲಿನಲ್ಲಿದ್ದ ಕಪ್ಪು ದ್ವೀಪ

“ಕೇಳ್ರಪ್ಪೋ ಕೇಳಿ! ಅರಮನೆಯಲ್ಲಿ ಮೂರು ಒಗಟುಗಳಿವೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ ಮತ್ತು ರಾಜಕುಮಾರಿ ಮಲ್ಲಾಜಿ. ಒಂದು ತಪ್ಪಿದರೂ ತಲೆ ಕಡಿಯಲಾಗುವುದು!”

ಹೊಂಗಲದುರ್ಗದ ಬೀದಿಗಳಲ್ಲಿ ಹೀಗೆ ಡಂಗುರ ಸಾರುತ್ತಿದ್ದಾಗ ಮಾಳಿಂಗ ಅರಮನೆಯ ಬಚ್ಚಲುಮನೆಯಲ್ಲಿ ಹಂಡೆಗೆ ಉರಿ ಹಾಕುತ್ತಿದ್ದ. ಆ ರಾಜ್ಯದಲ್ಲಿ ಆನೆಗಳೂ ಇದ್ದವು, ಮೊಬೈಲುಗಳೂ ಇದ್ದವು. ಒಗಟು ಹುಟ್ಟಿದ್ದು ಮೊಬೈಲಿನಲ್ಲಿ. ರಾಣಿ ಸೋಮಲದೇವಿ ತೀರಿಕೊಂಡ ಮೇಲೆ ರಾಜ ಚಂಡವರ್ಮ ಅವಳ ಮೊಬೈಲನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದ. ಅದರ ಚಿತ್ರಗಳಲ್ಲಿ ಮಗಳಿದ್ದಳು, ಮಲ್ಲಿಗೆ ಬಳ್ಳಿಯಿತ್ತು, ಹಪ್ಪಳ ಒಣಹಾಕಿದ ಮಾಳಿಗೆಯಿತ್ತು. ಇವುಗಳ ನಡುವೆ ಪ್ರತಿ ದೀಪಾವಳಿಗೊಂದರಂತೆ, ಏನೆಂದು ತಿಳಿಯದ ಒಂದೇ ಬಗೆಯ ಚಿತ್ರವಿತ್ತು.

“ಉತ್ತರ ತಮಗೆ ಗೊತ್ತಿದೆಯೇ, ಮಹಾಸ್ವಾಮಿ?” ಎಂದು ಮಂತ್ರಿ ಕೇಳಿದ.

“ಇಲ್ಲ.”

“ಹಾಗಾದರೆ ಸರಿ ತಪ್ಪು ತೀರ್ಮಾನಿಸುವುದು ಹೇಗೆ?”

“ಸರಿಯಾದದ್ದನ್ನು ಕೇಳಿದರೆ ನನಗೆ ಗೊತ್ತಾಗುತ್ತದೆ.”

ಮಂತ್ರಿ ಒಪ್ಪಿದ. ಆ ರಾಜ್ಯದಲ್ಲಿ ಬಹುಪಾಲು ವಿಷಯಗಳು ತೀರ್ಮಾನವಾಗುತ್ತಿದ್ದುದೇ ಹಾಗೆ. ಮಲ್ಲಾಜಿ ಮಾತ್ರ, “ಅಪ್ಪಾಜಿ, ಇದರಲ್ಲಿ ನನ್ನನ್ನೇಕೆ ಸೇರಿಸಿದಿರಿ?” ಎಂದಳು. “ಡಂಗುರ ಅಂದಮೇಲೆ ರಾಜಕುಮಾರಿ ಇರಬೇಕಲ್ಲಮ್ಮಾ” ಎಂದ ರಾಜ.

ಸಭೆ ಸೇರಿತು. ಗೋಡೆಯ ಮೇಲೆ ಚಿತ್ರ ದೊಡ್ಡದಾಗಿ ಮೂಡಿತು.

“ಕಂದು ನೆಲ, ನಡುವೆ ಒಂದು ಕಪ್ಪು ದ್ವೀಪ. ರಾಣಿ ವರ್ಷಕ್ಕೊಮ್ಮೆ ಅದನ್ನು ನೋಡಿಬರುತ್ತಿದ್ದಳು, ನನಗೊಂದು ಮಾತೂ ಹೇಳಲಿಲ್ಲ. ಆ ನೆಲ ಯಾವುದು?” ಎಂದ ರಾಜ.

“ನಮ್ಮ ಕರಾವಳಿಯದು, ಮಾವನವರೇ” ಎಂದ ನೆರೆರಾಜ್ಯದ ರಾಜಕುಮಾರ. ಮಾವನವರು ಅವನನ್ನು ಸೆರೆಮನೆಗೆ ಕಳಿಸಿದರು. ಆಸ್ಥಾನದ ಜೋಯಿಸ ಎದ್ದು, ಅದು ನೆಲವೇ ಅಲ್ಲ, ಗ್ರಹಣ ಹಿಡಿದ ಸೂರ್ಯ ಎಂದು ವಿಸ್ತಾರವಾಗಿ ವಿವರಿಸಿದ. ಅವನೂ ಹೋದ. ಎಲ್ಲರನ್ನೂ ಒಟ್ಟಿಗೆ ಮುಗಿಸಿದರೆ ಅನುಕೂಲ ಎಂದು ತಲೆ ಕಡಿಯುವವನು ಕೇಳಿಕೊಂಡಿದ್ದ. ಮೂಲೆಯಲ್ಲಿ ಕೂತು ಕತ್ತಿ ಮಸೆಯುತ್ತಿದ್ದ.

ಬಾಗಿಲ ಬಳಿ ನಿಂತಿದ್ದ ಮಾಳಿಂಗ ಚಿತ್ರ ನೋಡಿದೊಡನೆ ಗುರುತು ಹಿಡಿದ. ಮೊದಲೆಲ್ಲ ದೀಪಾವಳಿಯ ಎಣ್ಣೆಸ್ನಾನಕ್ಕೆ ರಾಜನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳು ರಾಣಿ. ಅವಳು ಹೋದಮೇಲೆ ಆ ಕೆಲಸವೂ ವಾರವಾರದ ಎಣ್ಣೆಸ್ನಾನವೂ ಇವನ ಪಾಲಿಗೆ ಬಂದಿತ್ತು. “ಜೋರಾಯ್ತು ಕಣೋ, ಅವಳು ಹೀಗೆ ಉಜ್ಜುತ್ತಿರಲಿಲ್ಲ” ಎಂದು ರಾಜ ಪ್ರತಿ ಸಲವೂ ಹೇಳುತ್ತಿದ್ದ. ಆ ಕಪ್ಪು ದ್ವೀಪವನ್ನು ಮಾಳಿಂಗ ಬಲ್ಲ. ಈಚೆಗೆ ಅದು ಚಿತ್ರದಲ್ಲಿದ್ದುದಕ್ಕಿಂತ ಹರಡಿತ್ತು. ಒಮ್ಮೆ ಟವೆಲ್ಲಿಗೆ ರಕ್ತವೂ ಹತ್ತಿತ್ತು.

ಆದರೆ ರಾಜನ ಅಜ್ಜ ಮಾಡಿಟ್ಟ ಕಾನೂನೊಂದಿತ್ತು: ರಾಜದೇಹದಲ್ಲಿ ಕುಂದಿದೆ ಎಂದವನ ತಲೆ ಉಳಿಯದು. ಅರಮನೆಯ ವೈದ್ಯರು ನಾಡಿ ಹಿಡಿಯುತ್ತಿದ್ದುದೂ ರೇಷ್ಮೆ ಬಟ್ಟೆಯ ಮೇಲಿಂದಲೇ. ತಪ್ಪು ಹೇಳಿದರೂ ತನ್ನ ತಲೆ ಹೋಗುತ್ತದೆ, ಸರಿ ಹೇಳಿದರೂ ಹೋಗುತ್ತದೆ, ಸುಮ್ಮನಿದ್ದರೆ ರಾಜ ಹೋಗುತ್ತಾನೆ. ಮಾಳಿಂಗ ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಮುಂದೆ ಬಂದ.

“ಬುದ್ಧೀ, ಅದು ತಮ್ಮ ಬೆನ್ನು. ಆ ಕಪ್ಪಗಿರೋದು ಮಚ್ಚೆ.”

ಕತ್ತಿ ಮಸೆಯುವ ಸದ್ದು ನಿಂತಿತು. ತಲೆ ಕಡಿಯುವವನು ಎದ್ದು ನಿಂತ.

“ಕೂತ್ಕೊಳ್ಳಯ್ಯಾ, ಇನ್ನೂ ಎರಡಿವೆ” ಎಂದ ರಾಜ. “ಕೇಳು. ಪ್ರತಿ ಚಿತ್ರದಲ್ಲೂ ಪಕ್ಕದಲ್ಲಿ ಅದೇ ಹಳೆಯ ತಾಮ್ರದ ಕಾಸಿದೆ. ಕಾಸು ಇದ್ದಮೇಲೆ ವ್ಯಾಪಾರ ಇರಬೇಕು. ಅದರಿಂದ ಅವಳು ಕೊಂಡದ್ದೇನು?”

“ಏನೂ ಇಲ್ಲ, ಬುದ್ಧಿ. ಹತ್ತಿರದಿಂದ ತೆಗೆದರೆ ಚಿತ್ರದಲ್ಲಿ ಎಲ್ಲವೂ ದೊಡ್ಡದೇ. ಕಾಸು ಮಾತ್ರ ಬೆಳೆಯೋದಿಲ್ಲ. ಅದನ್ನ ಪಕ್ಕಕ್ಕಿಟ್ಟರೆ ಮಚ್ಚೆ ಬೆಳೆದಿದೆಯೋ ಇಲ್ಲವೋ ತಿಳಿಯುತ್ತೆ.”

ರಾಜ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮೂರನೆಯದನ್ನು ಕೇಳಿದ: “ಕಳೆದ ದೀಪಾವಳಿಗೆ ಅವಳಿರಲಿಲ್ಲ. ಅವಳು ತೆಗೆಯದೆ ಉಳಿದ ಚಿತ್ರದಲ್ಲಿ ಏನಿದೆ?”

“ಬಾಯಲ್ಲಿ ಹೇಳಿದರೆ ಆಗೋಲ್ಲ, ಬುದ್ಧಿ. ತೆಗೆದೇ ನೋಡಬೇಕು. ಅಂಗಿ ಬಿಚ್ಚಿ.”

ತುಂಬಿದ ಸಭೆಯಲ್ಲಿ ರಾಜನಿಗೆ ಅಂಗಿ ಬಿಚ್ಚಲು ಹೇಳಿದವನು ಅದುವರೆಗೆ ಯಾರೂ ಇರಲಿಲ್ಲ. ರಾಜ ಬಿಚ್ಚಿದ. ಮಲ್ಲಾಜಿ ಅಮ್ಮನ ಕುಂಕುಮದ ಭರಣಿಯಿಂದ ಆ ತಾಮ್ರದ ಕಾಸನ್ನು ತಂದಳು. ಮಾಳಿಂಗ ಅದನ್ನು ಮಚ್ಚೆಯ ಪಕ್ಕ ಒತ್ತಿ ಹಿಡಿದ.

ರಾಜ ಬೆಚ್ಚಿಬಿದ್ದ. “ಇದೇ! ಎಣ್ಣೆ ಹಚ್ಚುವ ಮೊದಲು ಪ್ರತಿ ವರ್ಷ ಇಲ್ಲೇ ತಣ್ಣಗೆ ಏನೋ ತಾಗುತ್ತಿತ್ತು. ಏನೇ ಅದು ಅಂದರೆ, ‘ಏನಿಲ್ಲ, ಸುಮ್ಮನೆ ಕೂತಿರಿ’ ಅನ್ನುತ್ತಿದ್ದಳು.” ಆಮೇಲೆ ಮೆಲ್ಲಗೆ, “ಉತ್ತರ ಸರಿ” ಎಂದ.

ಮಲ್ಲಾಜಿ ಹೊಸ ಚಿತ್ರ ತೆಗೆದು ಹಳೆಯವುಗಳ ಪಕ್ಕಕ್ಕಿಟ್ಟಳು. ಎಷ್ಟೋ ದೀಪಾವಳಿಗಳು ಮಚ್ಚೆ ಹುಣಸೆಬೀಜದಷ್ಟೇ ಇತ್ತು. ರಾಣಿಯ ಕೊನೆಯ ಚಿತ್ರದಲ್ಲಿ ಅಂಚು ಸ್ವಲ್ಪ ಸೊಟ್ಟಗಾಗಿತ್ತು; ಅದನ್ನು ಹೇಳುವ ಮೊದಲೇ ಅವಳನ್ನು ಜ್ವರ ಕರೆದೊಯ್ದಿತ್ತು. ಇಂದಿನದರಲ್ಲಿ ಮಚ್ಚೆ ಕಾಸನ್ನೂ ಮೀರಿ, ಚೆಲ್ಲಿದ ಶಾಯಿಯ ಹಾಗೆ ಹರಡಿತ್ತು.

ವೈದ್ಯರು ರೇಷ್ಮೆ ಬಟ್ಟೆ ಬದಿಗಿಟ್ಟು ಅದನ್ನು ಕೊಯ್ದು ತೆಗೆದರು. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಅಜ್ಜನ ಕಾನೂನು ರದ್ದಾಯಿತು, ಸೆರೆಯಲ್ಲಿದ್ದವರು ಮನೆಗೆ ಹೋದರು, ಮಸೆದ ಕತ್ತಿಯನ್ನು ಆಯುಧಪೂಜೆಯ ಕುಂಬಳಕಾಯಿಗೆ ಬಳಸಿದರು. ಅರ್ಧ ರಾಜ್ಯ ಮಾಳಿಂಗನದಾಯಿತು. ಮದುವೆಯ ಮಾತು ಬಂದಾಗ ಅವನು, “ಅವ್ವನ್ನ ಕೇಳಬೇಕು” ಎಂದ. ಮಲ್ಲಾಜಿ ನಕ್ಕು, ತಾನೇ ಹೋಗಿ ಕೇಳಿ ಬಂದಳು.

ಮುಂದಿನ ದೀಪಾವಳಿಗೆ ರಾಜ ಮಣೆಯ ಮೇಲೆ ಕೂತ. ಅಳಿಯನಾಗಿದ್ದರೂ ಎಣ್ಣೆ ಹಚ್ಚುವವನು ಮಾಳಿಂಗನೇ. ಮುದುಕರಿಗೆ ಚಳಿಯಾದೀತೆಂದು ಅವನು ಕಾಸನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಗಾಯದ ಗುರುತಿನ ಪಕ್ಕ ಇಟ್ಟ.

“ಬೇಡಪ್ಪಾ” ಎಂದ ರಾಜ. “ತಣ್ಣಗೇ ಇಡು.”

ಮಾಳಿಂಗ ಕಾಸನ್ನು ತಣ್ಣೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ಇಟ್ಟ. ರಾಜ ಕಣ್ಣು ಮುಚ್ಚಿಕೊಂಡ.

“ಏನೇ ಅದು?”

ಮಾಳಿಂಗ ಕಾಸನ್ನು ಮೆಲ್ಲಗೆ ಒತ್ತಿ ಹಿಡಿದ.

“ಏನಿಲ್ಲ ಮಾವ” ಎಂದ ಮಾಳಿಂಗ. “ಸುಮ್ಮನೆ ಕೂತಿರಿ.”